ರಿಂಗ್ ರೋಡ್ ಆಚೆಗೆ ದೊಡ್ಡ ಆಸ್ಪತ್ರೆ ಬೇಕಾದರೆ ಎಲ್ಲಿಂದ ಶುರು ಮಾಡಬೇಕು

ಮೈಸೂರಿನ ಹೊರವಲಯದ ಹಿನಕಲ್, ಹೂಟಗಳ್ಳಿ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ ಕಡೆ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಾಗಿ, ಹುರುಳಿ ಬೆಳೆಯುತ್ತಿದ್ದ ಹೊಲಗಳು ಲೇಔಟ್ ಆದವು, ಮನೆಗಳು ಎದ್ದವು, ಬಾಡಿಗೆಗೆ ಜನ ಬಂದರು. ಆದರೆ ಇಂಥ ಊರುಗಳಲ್ಲಿ ಬಹಳ ಕಡೆ ಆರೋಗ್ಯ ಕೇಂದ್ರ ಮಾತ್ರ ಹಳ್ಳಿಯ ಕಾಲದ ಅಳತೆಯಲ್ಲೇ ಇದೆ. ಹೆರಿಗೆ ನೋವು ಬಂದರೆ ಮೈಸೂರಿನೊಳಗಿನ ಚೆಲುವಾಂಬ ಆಸ್ಪತ್ರೆಗೆ ಓಡಬೇಕು, ಎದೆ ನೋವು ಅಂದರೆ ಜಯದೇವಕ್ಕೆ, ಬೇರೆ ಏನಾದರೂ ದೊಡ್ಡಾಸ್ಪತ್ರೆಗೆ, ಅಂದರೆ ಕೆ.ಆರ್. ಆಸ್ಪತ್ರೆಗೆ. ಅಲ್ಲಿಗೆ ಸುತ್ತಲಿನ ಜಿಲ್ಲೆಗಳವರೂ ಬರುತ್ತಾರೆ, ಅಲ್ವಾ?

ಹಾಗಾಗಿ ನಮ್ಮ ಕಡೆಯೇ ಒಂದು ಮೂವತ್ತು ಹಾಸಿಗೆಯ ಆಸ್ಪತ್ರೆ ಮಾಡಿಸಿಕೊಳ್ಳಬೇಕು. ಸುಮ್ನೆ 'ಆಸ್ಪತ್ರೆ ಬೇಕು' ಅಂತ ಬರೆದ ಮನವಿ ಕಡತದಲ್ಲಿ ಮಲಗುತ್ತದೆ. ಲೆಕ್ಕ ಹಿಡಿದುಕೊಂಡು ಹೋಗಿ.

ಮೊದಲು ತಲೆ ಎಣಿಕೆ. ಬಯಲು ಸೀಮೆಯ ಹಳ್ಳಿಗಳಲ್ಲಿ 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 1,20,000 ಜನಕ್ಕೆ ಒಂದು ಸಮುದಾಯ ಆರೋಗ್ಯ ಕೇಂದ್ರ (ನಾವು ಕೇಳುವ ಮೂವತ್ತು ಹಾಸಿಗೆಯ ಆಸ್ಪತ್ರೆ ಅಂದರೆ ಇದೇ) ಇರಬೇಕು ಎನ್ನುವುದು ಕೇಂದ್ರ ಸರ್ಕಾರದ ಮಾನದಂಡ. ನಗರದಲ್ಲಾದರೆ 50,000 ಜನಕ್ಕೆ ಒಂದು ಪ್ರಾಥಮಿಕ ಕೇಂದ್ರ. ನಿಮ್ಮ ಊರು ಈಗ ಗ್ರಾಮ ಪಂಚಾಯಿತಿಯೋ, ಪಟ್ಟಣ ಪಂಚಾಯಿತಿಯೋ, ನಗರಸಭೆಯೋ ನೋಡಿಕೊಳ್ಳಿ, ಅದರ ಮೇಲೆ ಲೆಕ್ಕ ಬದಲಾಗುತ್ತದೆ. ಇನ್ನೊಂದು ತೊಡಕು ಇದೆ. ಕಚೇರಿಯಲ್ಲಿ 2011ರ ಜನಗಣತಿ ತೆಗೆದು ತೋರಿಸಿ 'ನಿಮ್ಮಲ್ಲಿ ಅಷ್ಟು ಜನವೇ ಇಲ್ಲ' ಅನ್ನಬಹುದು. ಅದಕ್ಕೆ ಉತ್ತರ ನಿಮ್ಮ ಬೀದಿಯಲ್ಲೇ ಇದೆ. ಆಶಾ ಕಾರ್ಯಕರ್ತೆಯರ ಮನೆ ಸಮೀಕ್ಷೆ, ಅಂಗನವಾಡಿ ದಾಖಲೆ, ಮತದಾರರ ಪಟ್ಟಿ, ಕಂದಾಯ ಕಟ್ಟುವ ಮನೆಗಳ ಸಂಖ್ಯೆ, ಸೆಸ್ಕ್ ಕರೆಂಟ್ ಮೀಟರ್‌ಗಳ ಸಂಖ್ಯೆ, ಈ ಐದನ್ನೂ ಪಕ್ಕಪಕ್ಕ ಇಟ್ಟರೆ ಯಾರೂ ಅಲ್ಲಗಳೆಯಲಾರರು. ಬಾಡಿಗೆಯವರನ್ನು ಬಿಡಬೇಡಿ. ಕೂರ್ಗಳ್ಳಿ, ಹೆಬ್ಬಾಳದ ಕಾರ್ಖಾನೆಗಳಿಗೆ ಹೋಗುವ ಎಷ್ಟೋ ಹುಡುಗರ ವೋಟು ಅವರ ಸ್ವಂತ ಊರಲ್ಲಿರುತ್ತದೆ, ಜ್ವರ ಬರುವುದು ಇಲ್ಲಿ.

ಆಮೇಲೆ ಈಗಿರುವ ಆರೋಗ್ಯ ಕೇಂದ್ರದ ಮೇಲಿನ ಒತ್ತಡದ ಲೆಕ್ಕ. ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಶುಲ್ಕ 10 ರೂಪಾಯಿ, ಉತ್ತರ ಕೊಡಲು 30 ದಿನ. ಕಳೆದ ಮೂರು ವರ್ಷ ತಿಂಗಳಿಗೆ ಎಷ್ಟು ಹೊರರೋಗಿಗಳು, ಎಷ್ಟು ಹೆರಿಗೆ, ಎಷ್ಟು ಜನರನ್ನು ಬೇರೆ ಕಡೆ ಕಳಿಸಿದರು, ಮಂಜೂರಾದ ಹುದ್ದೆ ಎಷ್ಟು, ಅದರಲ್ಲಿ ಖಾಲಿ ಎಷ್ಟು ಅಂತ ಕೇಳಿ. ಬೇರೆ ಕಡೆ ಕಳಿಸಿದವರ ಪಟ್ಟಿಯೇ ನಿಮ್ಮ ಬಲ.

ಜಾಗದ ವಿಚಾರಕ್ಕೆ ಈಗಿನ ಕೇಂದ್ರ ಇರುವ ಜಾಗದ ಪಹಣಿ ತೆಗೆಸಿ ನೋಡಿ. ಹಳೇ ಕಾಲದಲ್ಲಿ ಯಾರೋ ಪುಣ್ಯಾತ್ಮರು ಬಾಯಿಮಾತಿನಲ್ಲಿ ದಾನ ಕೊಟ್ಟ ಜಾಗವಾಗಿದ್ದರೆ ಇವತ್ತಿಗೂ ಅವರ ಮನೆಯವರ ಹೆಸರಲ್ಲೇ ಇರಬಹುದು, ಅದು ಇಲಾಖೆ ಹೆಸರಿಗೆ ಬರದೆ ಕಟ್ಟಡದ ಹಣ ಬರುವುದು ಕಷ್ಟ. ಸರ್ವೆಯವರಿಂದ ಗಡಿ ಅಳೆಸಿ ಹದ್ದುಬಸ್ತು ಮಾಡಿಸಿ. ಜಾಗ ಸಾಲದಿದ್ದರೆ ಹತ್ತಿರದ ಲೇಔಟ್‌ನ ಸಿಎ ನಿವೇಶನ, ಅಂದರೆ ನಾಗರಿಕ ಸೌಲಭ್ಯಕ್ಕೆ ಬಿಟ್ಟ ಜಾಗ ಕೇಳಿ.

ಈಗ ನಾನು ಜಾಸ್ತಿ ಒತ್ತಿ ಹೇಳಬೇಕಾದ ಮಾತು. ಕಟ್ಟಡದ ಜೊತೆಗೇ ಹುದ್ದೆ ಕೇಳಿ. ನಮ್ಮ ಕಡೆಯ ಒಂದು ಆಸ್ಪತ್ರೆಗೆ ಹೊಸ ಕಟ್ಟಡ ಬಂತು, ಆಪರೇಷನ್ ಥಿಯೇಟರ್ ಬಂತು, ನಾವೆಲ್ಲ ಹೋಗಿ ಸಿಹಿ ತಿಂದು ಬಂದೆವು. ಅರಿವಳಿಕೆ ಡಾಕ್ಟರ್ ಬರಲಿಲ್ಲ. ಥಿಯೇಟರ್‌ಗೆ ಬೀಗ. ಪಕ್ಕದ ಮನೆಯ ಸೊಸೆಗೆ ನೋವು ಶುರುವಾಗಿ, ಸಿಸೇರಿಯನ್ ಆಗಬೇಕು ಅಂತ ರಾತ್ರಿ ಎರಡು ಗಂಟೆಗೆ 108ರಲ್ಲಿ ಮೈಸೂರಿನೊಳಕ್ಕೆ ಕಳಿಸಿದರು. ತಾಯಿ ಮಗು ಚೆನ್ನಾಗಿದ್ದಾರೆ, ಆದರೆ ಆ ದಾರಿಯುದ್ದಕ್ಕೂ ಅವರ ಅತ್ತೆ ನನ್ನ ಕೈ ಬಿಡಲಿಲ್ಲ. ಅದನ್ನು ನಾನು ಮರೆತಿಲ್ಲ.

ಅದಕ್ಕೇ ಮನವಿಯಲ್ಲಿ ಬಿಡಿಬಿಡಿಯಾಗಿ ಬರೆಯಿರಿ: ಹೆರಿಗೆ ತಜ್ಞರು, ಮಕ್ಕಳ ತಜ್ಞರು, ಅರಿವಳಿಕೆ ತಜ್ಞರು, ಸರ್ಜನ್, ಫಿಜಿಷಿಯನ್, ರಕ್ತ ಶೇಖರಣಾ ಘಟಕ, ಲ್ಯಾಬ್ ಟೆಕ್ನಿಷಿಯನ್, ಫಾರ್ಮಸಿಸ್ಟ್. ನರ್ಸ್‌ಗಳ ಲೆಕ್ಕ ಹಾಕುವಾಗ ಮೂರು ಪಾಳಿ, ವಾರದ ರಜೆ, ಉಳಿದ ರಜೆ ಎಲ್ಲ ಸೇರಿಸಿ. ದಿನದ ಇಪ್ಪತ್ತನಾಲ್ಕು ಗಂಟೆಯೂ ಒಬ್ಬರು ಇರಬೇಕಾದರೆ ನಾಲ್ಕೈದು ಜನ ಬೇಕು. ಕ್ವಾರ್ಟರ್ಸ್ ಕೂಡ ಕೇಳಿ, ರಾತ್ರಿ ಡಾಕ್ಟರ್ ಸಿಗುವುದು ಅದರಿಂದಲೇ. ಸಂಸದರ ನಿಧಿಯಿಂದ ಕಟ್ಟಡ ಕಟ್ಟಬಹುದು, ಸಂಬಳ ಕೊಡಲು ಆಗುವುದಿಲ್ಲ. ಹುದ್ದೆಗೆ ಆರ್ಥಿಕ ಇಲಾಖೆಯ ಒಪ್ಪಿಗೆ ಬೇಕು, ಅದಕ್ಕೆ ಹಿಡಿಯುವಷ್ಟು ಕಾಲ ಕಟ್ಟಡಕ್ಕೂ ಹಿಡಿಯದಿರಬಹುದು. ಎರಡೂ ಕಡತ ಒಟ್ಟಿಗೇ ಹೊರಡಲಿ.

ನೀರನ್ನು ಮರೆಯಬೇಡಿ. ನೂರು ಹಾಸಿಗೆಯೊಳಗಿನ ಆಸ್ಪತ್ರೆಗೆ ಹಾಸಿಗೆಗೆ ದಿನಕ್ಕೆ 340 ಲೀಟರ್ ಎಂಬ ಲೆಕ್ಕವಿದೆ. ಮೂವತ್ತು ಹಾಸಿಗೆ ಅಂದರೆ ಹತ್ತು ಸಾವಿರ ಲೀಟರ್‌ಗೂ ಮೇಲೆ. ಟ್ಯಾಂಕರ್ ನಂಬಿಕೊಂಡಿರುವ ಲೇಔಟ್ ಪಕ್ಕ ಆಸ್ಪತ್ರೆ ಬಂದರೆ ನೀರಿನ ಲೈನ್, ಒಳಚರಂಡಿ ಎರಡೂ ಅಂದಾಜು ಪಟ್ಟಿಯಲ್ಲೇ ಸೇರಿರಬೇಕು. ಜನರೇಟರ್, ಸ್ಟ್ರೆಚರ್ ಹೋಗುವ ಲಿಫ್ಟ್, 1:12ಕ್ಕಿಂತ ಕಡಿದಾಗದ ರ‍್ಯಾಂಪ್ ಇರಲಿ. ಆಸ್ಪತ್ರೆ ತ್ಯಾಜ್ಯವನ್ನು 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವ ಹಾಗಿಲ್ಲ, ಅದರ ಕೋಣೆಗೆ ಗಾಡಿ ಬರುವ ದಾರಿ ಬಿಡಿಸಿ. ಕೆಲಸ ನಡೆಯುವಾಗ ಹಳೇ ಕಟ್ಟಡ ಒಮ್ಮೆಗೇ ಕೆಡವಲು ಬಿಡಬೇಡಿ. ಬಿಪಿ, ಶುಗರ್ ಮಾತ್ರೆಗೆ ಬರುವ ವಯಸ್ಸಾದವರು ಒಂದೆರಡು ವರ್ಷ ಎಲ್ಲಿಗೆ ಹೋಗಬೇಕು?

ಮನವಿ ಕೊಡುವ ದಾರಿ ಹೀಗೆ. ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿ ಮತ್ತು ನಿಮ್ಮ ಪಂಚಾಯಿತಿ ಅಥವಾ ನಗರಸಭೆಯಲ್ಲಿ ನಿರ್ಣಯ ಮಾಡಿಸಿ, ವೈದ್ಯಾಧಿಕಾರಿಯ ಮೂಲಕ ತಾಲ್ಲೂಕು ಆರೋಗ್ಯಾಧಿಕಾರಿಗೆ, ಅಲ್ಲಿಂದ ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ) ಕಚೇರಿಗೆ, ಅಲ್ಲಿಂದ ಬೆಂಗಳೂರಿಗೆ ಪ್ರಸ್ತಾವನೆ ಹೋಗಲಿ. ಒಂದು ಪ್ರತಿ ಶಾಸಕರಿಗೆ ಕೊಡಿ. ರಾಜ್ಯದ ಬಜೆಟ್ ಸಾಮಾನ್ಯವಾಗಿ ಫೆಬ್ರವರಿ, ಮಾರ್ಚ್‌ನಲ್ಲಿ ಬರುತ್ತದೆ, ಆದ್ದರಿಂದ ದಸರಾ ಮುಗಿದ ಕೂಡಲೇ ಕಡತ ಹೊರಡಬೇಕು. ಪ್ರತಿ ಮೇಜಿನಲ್ಲೂ ಸ್ವೀಕೃತಿ ಸಂಖ್ಯೆ, ದಿನಾಂಕ, ಸೀಲು ಹಾಕಿಸಿಕೊಂಡು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ, ಮುಂದಿನ ಸಲ ಹೋದಾಗ 'ನಿಮ್ಮ ಅರ್ಜಿ ಬಂದೇ ಇಲ್ಲ' ಅಂದರೆ ಅದನ್ನೇ ತೆರೆದು ತೋರಿಸಿ.