ಅತ್ತೆಯನ್ನು ಕರೆದುಕೊಂಡು ಏರಿಯಾ ಹುಡುಕಿದ್ದು

ಬೆಂಗಳೂರಿನಲ್ಲಿ ನಮ್ಮ ಮೊದಲ ಬಾಡಿಗೆ ಮನೆಯನ್ನು ನಾನು ನೋಡಿದ್ದು ಒಂದು ಭಾನುವಾರ ಮಧ್ಯಾಹ್ನ. ರಸ್ತೆ ಖಾಲಿ ಇತ್ತು. ಗಾಳಿ ತಣ್ಣಗಿತ್ತು. ಪೀಣ್ಯದಲ್ಲಿ ಇಷ್ಟು ಶಾಂತವಾದ ಜಾಗ ಇದೆಯಾ ಅಂತ ಖುಷಿಯಾಗಿ ಅಲ್ಲೇ ಟೋಕನ್ ಅಡ್ವಾನ್ಸ್ ಕೊಟ್ಟುಬಿಟ್ಟೆ. ಕಾರ್ಖಾನೆಗಳಿಗೆ ಭಾನುವಾರ ರಜೆ ಅನ್ನುವುದು ಆಗ ನನಗೆ ಹೊಳೆಯಲೇ ಇಲ್ಲ.

ಅದು 2022ರ ಜೂನ್. ಪೀಣ್ಯ ಎರಡನೇ ಹಂತದ ಒಂದು ಕಾರ್ಖಾನೆಯ ಕ್ವಾಲಿಟಿ ಲ್ಯಾಬ್‌ನಲ್ಲಿ ನನಗೆ ಕೆಲಸ ಸಿಕ್ಕಿತ್ತು. ನಮ್ಮ ಮನೆಯವರ ಕೆಲಸ ದಾವಣಗೆರೆಯಲ್ಲೇ. ಅವರು ಶನಿವಾರ ಬಂದು ಭಾನುವಾರ ರಾತ್ರಿ ಹೋಗುವುದು, ಮಗ ಮತ್ತು ಅತ್ತೆ ನನ್ನ ಜೊತೆ ಇರುವುದು ಅಂತ ಮಾತಾಯಿತು. ಮಗ ಆಗ ಎರಡನೇ ಕ್ಲಾಸು. ಅತ್ತೆಗೆ ಎರಡೂ ಮಂಡಿ ನೋವು. ಬಾಡಿಗೆ 12,000, ಅಡ್ವಾನ್ಸ್ 70,000. ಕಾರ್ಖಾನೆಯ ಗೇಟಿಗೆ ಹದಿನೈದು ನಿಮಿಷದ ನಡಿಗೆ. ಬೆಂಗಳೂರಿನ ಟ್ರಾಫಿಕ್ ಬಗ್ಗೆ ಎಲ್ಲರೂ ಹೆದರಿಸಿದ್ದರಲ್ಲ, ಹಾಗಾಗಿ ಇದಕ್ಕಿಂತ ಒಳ್ಳೆಯ ಮನೆ ಸಿಗಲಾರದು ಅಂತ ನಂಬಿದ್ದೆ.

ಸೋಮವಾರ ಬೆಳಿಗ್ಗೆ ಆರಕ್ಕೇ ಲಾರಿಗಳು ಶುರುವಾದವು. ತುಮಕೂರು ರಸ್ತೆಯ ಪೀಣ್ಯ ಮೇಲ್ಸೇತುವೆಯ ಕೇಬಲ್‌ಗಳಲ್ಲಿ ದೋಷ ಕಂಡು 2021ರ ಡಿಸೆಂಬರ್‌ನಲ್ಲಿ ಅದನ್ನು ಮುಚ್ಚಿದ್ದರು. ಆಮೇಲೆ ಕಾರು, ಬೈಕುಗಳಿಗೆ ಬಿಟ್ಟರೂ ಭಾರಿ ವಾಹನಗಳಿಗೆ ಬಿಟ್ಟಿರಲಿಲ್ಲ. ಅವೆಲ್ಲ ಆಗ ಕೆಳಗಿನ ರಸ್ತೆಯಲ್ಲೇ ಹೋಗಬೇಕಿತ್ತು. ಅಲ್ಲಿ ಜಾಮ್ ಆದರೆ ನಮ್ಮ ಕ್ರಾಸಿಗೆ ನುಗ್ಗುತ್ತಿದ್ದವು. ಕಿಟಕಿ ತೆಗೆದರೆ ಧೂಳು, ಹಾಕಿದರೆ ಸೆಕೆ. ಹಗಲು ಹೊತ್ತಿನಲ್ಲಿ ಬೀದಿಯಲ್ಲಿ ಒಬ್ಬ ಹೆಂಗಸೂ ಕಾಣುತ್ತಿರಲಿಲ್ಲ. ಅಕ್ಕಪಕ್ಕದವರೆಲ್ಲ ಶಿಫ್ಟಿನವರು, ಬೀಗ ಹಾಕಿ ಹೋಗುವವರು.

ನೀರಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆ ಮನೆಗೆ ಬೋರ್ ನೀರು ಮಾತ್ರ. ಓನರ್ ಟಿಡಿಎಸ್ ಮೀಟರ್ ಅದ್ದಿ ತೋರಿಸಿ, ‘480 ಇದೆ, ಒಳ್ಳೆ ನೀರು’ ಅಂದಿದ್ದರು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಟಿಡಿಎಸ್ 500ರ ಒಳಗಿದ್ದರೆ ಒಳ್ಳೆಯದು ಎನ್ನುವುದು ನಿಜ. ಆದರೆ ಆ ಮೀಟರ್ ಹೇಳುವುದು ಕರಗಿದ ಲವಣಗಳ ಒಟ್ಟು ಅಂದಾಜು ಅಷ್ಟೆ. ಪೀಣ್ಯದಲ್ಲಿ ಲೋಹಕ್ಕೆ ಕ್ರೋಮ್ ಲೇಪ ಕೊಡುವ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳು ಬಹಳ. ಅಲ್ಲಿನ ಅಂತರ್ಜಲಕ್ಕೆ ಕ್ರೋಮಿಯಂ ಸೇರಿರುವುದು ಸರ್ಕಾರಿ ಪರೀಕ್ಷೆಗಳಲ್ಲೇ ಕಂಡಿರುವ ಸಂಗತಿ. ಕುಡಿಯುವ ನೀರಿನಲ್ಲಿ ಕ್ರೋಮಿಯಂನ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ಅಷ್ಟು ಸಣ್ಣ ಪ್ರಮಾಣ ಟಿಡಿಎಸ್ ಮೀಟರಿಗೆ ಗೊತ್ತೇ ಆಗುವುದಿಲ್ಲ. ಲ್ಯಾಬ್‌ನಲ್ಲಿ ದಿನವಿಡೀ ಇದೇ ಕೆಲಸ ಮಾಡುವ ನನಗೆ ಮನಸ್ಸು ಒಪ್ಪಲಿಲ್ಲ. ಕುಡಿಯಲು, ಅಡುಗೆಗೆ ಎರಡಕ್ಕೂ ಕ್ಯಾನ್ ನೀರು ತರಿಸಿದೆ. ಎರಡು ದಿನಕ್ಕೆ ಒಂದು ಕ್ಯಾನ್.

ಇಷ್ಟಾದರೂ ನಾನು ಮನೆ ಬದಲಿಸುವ ಯೋಚನೆ ಮಾಡಿರಲಿಲ್ಲ. ಗೇಟಿಗೆ ಹದಿನೈದು ನಿಮಿಷ ಅನ್ನುವ ಒಂದು ಲೆಕ್ಕವೇ ಎಲ್ಲವನ್ನೂ ಮುಚ್ಚಿಬಿಟ್ಟಿತ್ತು. ಅತ್ತೆ ಒಂದು ದಿನವೂ ದೂರು ಹೇಳಿದವರಲ್ಲ. ಆದರೆ ಜನವರಿ ಹೊತ್ತಿಗೆ ಅವರು ಸಂಜೆ ಬಾಗಿಲಿಗೆ ಬರುವುದನ್ನೇ ಬಿಟ್ಟರು. ದಾವಣಗೆರೆಯಲ್ಲಿ ದಿನಾ ನಾಲ್ಕು ಗಂಟೆಗೆ ಕಟ್ಟೆಯ ಮೇಲೆ ಕೂತು ಹತ್ತು ಜನರನ್ನು ಮಾತಾಡಿಸುತ್ತಿದ್ದ ಜೀವ. ಇಲ್ಲಿ ಟಿವಿ ಹಾಕಿಕೊಂಡು ಅದರ ಮುಂದೆಯೇ ನಿದ್ದೆ ಹೋಗುತ್ತಿದ್ದರು. ಒಂದು ರಾತ್ರಿ ಊಟಕ್ಕೆ ಕೂತಾಗ ಕೇಳಿದೆ, ‘ಅತ್ತೆ, ಯಾಕೆ ಹೀಗೆ ಸಪ್ಪಗಾಗಿದ್ದೀರಿ?’

‘ನೋಡವ್ವಾ,’ ಅಂದರು, ‘ನೀನು ಬೆಳಿಗ್ಗೆ ಹೋದ್ರೆ ಕತ್ತಲಾದ ಮೇಲೆ ಬರ್ತೀಯ. ಹುಡುಗ ಸ್ಕೂಲಿಗೆ ಹೋಗ್ತಾನೆ. ಈ ಓಣಿಯಾಗೆ ಇರೋಳು ನಾನು.’

ನನಗೆ ಅನ್ನ ಇಳಿಯಲಿಲ್ಲ. ನಾನು ಆ ಏರಿಯಾದಲ್ಲಿ ಎಚ್ಚರವಾಗಿ ಕಳೆಯುತ್ತಿದ್ದದ್ದು ದಿನಕ್ಕೆ ಮೂರೋ ನಾಲ್ಕೋ ಗಂಟೆ. ಅವರು ಇಡೀ ದಿನ. ಮನೆ ಆರಿಸಿದ್ದು ಮಾತ್ರ ನಾನೊಬ್ಬಳೇ, ನನ್ನ ಹದಿನೈದು ನಿಮಿಷಕ್ಕಾಗಿ.

ಹನ್ನೊಂದು ತಿಂಗಳ ಅಗ್ರಿಮೆಂಟ್ 2023ರ ಮೇನಲ್ಲಿ ಮುಗಿಯುತ್ತಿತ್ತು. ಮಾರ್ಚ್‌ನಿಂದಲೇ ಹುಡುಕಲು ಶುರು ಮಾಡಿದೆವು. ಈ ಸಲ ಅತ್ತೆಯೂ ಬಂದರು. ಹುಡುಕುವ ಗಡಿ ಮೊದಲೇ ಹಾಕಿಕೊಂಡಿದ್ದೆ. ಹಸಿರು ಮೆಟ್ರೊ ಮಾರ್ಗದ ನಾಗಸಂದ್ರದಿಂದ ರಾಜಾಜಿನಗರದವರೆಗೆ, ಯಾವುದಾದರೂ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರ. ನನಗೆ ಪೀಣ್ಯ ಇಂಡಸ್ಟ್ರಿ ನಿಲ್ದಾಣದಲ್ಲಿ ಇಳಿದರೆ ಸಾಕು. ತುಮಕೂರು ರಸ್ತೆಯ ಈ ಪಟ್ಟಿಯನ್ನು ಬಿಡದಿರಲು ಇನ್ನೊಂದು ಕಾರಣವಿತ್ತು. ದಾವಣಗೆರೆ, ಹುಬ್ಬಳ್ಳಿ ಕಡೆಯ ಬಸ್ಸುಗಳೆಲ್ಲ ಇಲ್ಲೇ ಹಾದು ಹೋಗುತ್ತವೆ. ಗೊರಗುಂಟೆಪಾಳ್ಯದಲ್ಲೋ ಜಾಲಹಳ್ಳಿ ಕ್ರಾಸಿನಲ್ಲೋ ಹತ್ತಬಹುದು, ಮೆಜೆಸ್ಟಿಕ್‌ವರೆಗೆ ಹೋಗಬೇಕಾಗಿಲ್ಲ. ರೈಲಿಗೆ ಯಶವಂತಪುರ ಇದೆ. ನಮ್ಮ ಕಡೆಯವರು ಬೆಂಗಳೂರಿಗೆ ಬಂದರೆ ದಾಸರಹಳ್ಳಿ, ಯಶವಂತಪುರ, ರಾಜಾಜಿನಗರದ ಸುತ್ತ ಜಾಸ್ತಿ ಇರುವುದು ಯಾಕೆ ಅಂತ ಆಗ ಅರ್ಥವಾಯಿತು. ವಾರ ವಾರ ಊರಿಗೆ ಓಡಾಡುವವರು ಮನೆಯಲ್ಲಿದ್ದರೆ ಊರಿನ ಬಸ್ಸು ಎಲ್ಲಿ ನಿಲ್ಲುತ್ತದೆ ಅನ್ನುವುದು ಆಫೀಸಿನ ದೂರದಷ್ಟೇ ಮುಖ್ಯ.

ಮೊದಲು ಬಾಗಲಗುಂಟೆ ನೋಡಿದೆವು. ಬಾಡಿಗೆ ಕಡಿಮೆ, ಮನೆಗಳು ಹೊಸವು. ನಾವು ನೋಡಿದ ಮೂರೂ ಮನೆಗಳಿಗೆ ಬೋರ್ ನೀರೇ. ಬಿಟ್ಟೆವು. ಮತ್ತಿಕೆರೆಯಲ್ಲಿ ಒಂದು ಮನೆ ಚೆನ್ನಾಗಿತ್ತು, ಆದರೆ ಎರಡನೇ ಮಹಡಿ, ಲಿಫ್ಟ್ ಇಲ್ಲ. ಕೊನೆಗೆ ಕಾಲು ನಿಂತಿದ್ದು ಮಹಾಲಕ್ಷ್ಮಿ ಲೇಔಟ್‌ನಲ್ಲಿ.

ಒಂದು ಏರಿಯಾಕ್ಕೆ ಕನಿಷ್ಠ ಮೂರು ಸಲ ಹೋಗಬೇಕು ಅಂತ ನಾನೇ ನಿಯಮ ಮಾಡಿಕೊಂಡಿದ್ದೆ. ವಾರದ ದಿನ ಬೆಳಿಗ್ಗೆ ಹನ್ನೊಂದಕ್ಕೆ, ಸಂಜೆ ಐದಕ್ಕೆ, ರಾತ್ರಿ ಹತ್ತೂವರೆಗೆ. ಬೆಳಿಗ್ಗೆ ಮತ್ತು ಸಂಜೆಯ ಭೇಟಿ ಅತ್ತೆಯದು. ಅದಕ್ಕಾಗಿ ಎರಡು ಮಂಗಳವಾರ ರಜೆ ಹಾಕಿದೆ. ಮನೆಯೊಳಗೆ ಹೋಗುವ ಮೊದಲು ಬೀದಿಯಲ್ಲೇ ಎಲ್ಲಾದರೂ ಅರ್ಧ ಗಂಟೆ ಕೂರುವುದು. ನಾನು ಸುಮ್ನೆ ನೋಡುತ್ತಿದ್ದೆ, ಅತ್ತೆ ಮಾತಿಗೆ ಇಳಿಯುತ್ತಿದ್ದರು. ಹೂ ಕಟ್ಟುವಾಕೆ, ಹಾಲಿನ ಬೂತಿನವರು, ಇಸ್ತ್ರಿ ಅಂಗಡಿಯವರು. ಅರ್ಧ ಗಂಟೆಯಲ್ಲಿ ಅವರಿಗೆ ಗೊತ್ತಾಗುತ್ತಿದ್ದ ವಿಷಯ ಯಾವ ಬ್ರೋಕರ್ ಕೂಡ ಹೇಳಲಾರ. ನೀರು ವಾರದಲ್ಲಿ ಯಾವ ಯಾವ ದಿನ ಬರುತ್ತದೆ, ಕಸದ ಗಾಡಿ ನಿಜವಾಗಿ ಬರುತ್ತದೋ ಇಲ್ಲವೋ, ಮಳೆ ಬಂದರೆ ಎಲ್ಲಿ ನೀರು ನಿಲ್ಲುತ್ತದೆ, ಯಾವ ಮನೆಯಲ್ಲಿ ಬಾಡಿಗೆದಾರರು ವರ್ಷ ತುಂಬುವ ಮೊದಲೇ ಬಿಟ್ಟು ಹೋಗುತ್ತಾರೆ. ಅಷ್ಟೇ ಅಲ್ಲ, ಜೋಳ ಬೀಸಿಕೊಡುವ ಗಿರಣಿ ಎಲ್ಲಿದೆ ಅಂತಲೂ ಕೇಳಿ ಇಟ್ಟುಕೊಂಡಿದ್ದರು. ವಾರಕ್ಕೆ ಮೂರು ದಿನ ರೊಟ್ಟಿ ಬೇಕೇ ಬೇಕು ನಮ್ಮಲ್ಲಿ.

ಮಹಾಲಕ್ಷ್ಮಿ ಲೇಔಟ್‌ನಲ್ಲಿ ಏರು ಜಾಸ್ತಿ. ಪ್ರಸನ್ನ ವೀರಾಂಜನೇಯ ದೇವಸ್ಥಾನ ಇರುವುದೂ ಗುಡ್ಡದ ಮೇಲೆಯೇ. ನಕಾಶೆಯಲ್ಲಿ ಈ ಏರು ಕಾಣುವುದಿಲ್ಲ. ನನಗೆ ಇಷ್ಟವಾದ ಒಂದು ಮನೆಯ ಮುಂದಿನ ರಸ್ತೆಯನ್ನು ಅತ್ತೆ ಅರ್ಧ ಹತ್ತಿ, ಕಾಂಪೌಂಡ್ ಹಿಡಿದು ನಿಂತುಬಿಟ್ಟರು. ಆ ಮನೆ ಅಲ್ಲಿಗೇ ಮುಗಿಯಿತು. ಹಾಗಂತ ತೀರಾ ತಗ್ಗಿಗೂ ಹೋಗುವಂತಿರಲಿಲ್ಲ. 2017ರ ಮಳೆಯಲ್ಲಿ ಪಕ್ಕದ ಕುರುಬರಹಳ್ಳಿಯಲ್ಲಿ ರಾಜಕಾಲುವೆ ಉಕ್ಕಿ ಮನೆಗಳಿಗೆ ನೀರು ನುಗ್ಗಿತ್ತು. ಅದನ್ನು ಇಸ್ತ್ರಿ ಅಂಗಡಿಯವರು ಕೈಯಲ್ಲಿ ಎತ್ತರ ತೋರಿಸಿ ಹೇಳಿದರು. ಏರೂ ಅಲ್ಲದ, ತಗ್ಗೂ ಅಲ್ಲದ ಕ್ರಾಸುಗಳನ್ನು ಗುರುತು ಮಾಡಿಕೊಂಡು ಅಲ್ಲಿ ಮಾತ್ರ ‘ಟು ಲೆಟ್’ ಬೋರ್ಡ್ ಹುಡುಕಿದೆವು. ಆಮೇಲೆ ಕೆಲಸ ಸಲೀಸಾಯಿತು. ನೋಡಬೇಕಾದ ಮನೆಗಳೇ ಏಳೆಂಟಕ್ಕೆ ಇಳಿದವು.

ರಾತ್ರಿ ಹತ್ತೂವರೆಯ ಭೇಟಿ ನನಗಾಗಿ. ಎರಡನೇ ಶಿಫ್ಟ್ ಇದ್ದಾಗ ನಾನು ಹತ್ತಕ್ಕೆ ಬಿಡುತ್ತೇನೆ. ಒಂದು ಶನಿವಾರ ರಾತ್ರಿ ನಮ್ಮ ಮನೆಯವರ ಜೊತೆ ಮಹಾಲಕ್ಷ್ಮಿ ನಿಲ್ದಾಣದಲ್ಲಿ ಇಳಿದು, ನೋಡಿದ್ದ ಎರಡು ಮನೆಗಳಿಗೂ ನಡೆದೆ. ಒಂದು ದಾರಿಯಲ್ಲಿ ಉದ್ದಕ್ಕೂ ಕಾಂಪೌಂಡ್ ಗೋಡೆ, ಒಂದೂ ಬಾಗಿಲಿಲ್ಲ, ದೀಪ ಮಂಕು. ಇನ್ನೊಂದು ದಾರಿ ಐದು ನಿಮಿಷ ಜಾಸ್ತಿ, ಆದರೆ ಮೆಡಿಕಲ್ ಶಾಪ್ ತೆರೆದಿತ್ತು, ಬೇಕರಿ ಮುಂದೆ ಜನ ಇದ್ದರು, ಮನೆಗಳ ಬಾಗಿಲ ಮುಂದೆ ಲೈಟ್ ಉರಿಯುತ್ತಿತ್ತು. ಎರಡನೆಯದನ್ನೇ ಆರಿಸಿದೆ. ಹೆಣ್ಣುಮಕ್ಕಳಿಗೆ ನಿಲ್ದಾಣದಿಂದ ಮನೆಗೆ ಎಷ್ಟು ಮೀಟರ್ ಅನ್ನುವುದಕ್ಕಿಂತ ಆ ದಾರಿಯಲ್ಲಿ ಎಷ್ಟು ಬಾಗಿಲು ತೆರೆದಿವೆ ಅನ್ನುವುದು ಮುಖ್ಯ. ಇದನ್ನು ಹಗಲಲ್ಲಿ ನೋಡಿ ತಿಳಿಯಲು ಆಗುವುದಿಲ್ಲ.

ಓನರ್‌ಗಳ ಪ್ರಶ್ನೆಗಳ ಬಗ್ಗೆಯೂ ಹೇಳಲೇಬೇಕು. ‘ಯಜಮಾನರು ಜೊತೇಲಿ ಇರಲ್ವಾ?’ ಅಂತ ಎಲ್ಲರೂ ಕೇಳಿದರು. ‘ಯಾವ ಜನ?’ ಅಂತ ಇಬ್ಬರು ನೇರವಾಗಿಯೇ ಕೇಳಿದರು. ಅಂಥ ಮನೆಗಳನ್ನು ಅಲ್ಲೇ ಬಿಟ್ಟು ಬಂದೆವು. ಬಾಗಿಲಲ್ಲೇ ಹೀಗೆ ಅಳೆಯುವವರ ಕೆಳಗೆ ಅತ್ತೆ ಇಡೀ ದಿನ ಇರುವುದು ನನಗೆ ಬೇಕಿರಲಿಲ್ಲ. ನಾವು ತೆಗೆದುಕೊಂಡ ಮನೆಯ ಓನರಮ್ಮ ಕೇಳಿದ್ದು, ‘ಅಮ್ಮಂಗೆ ಮೆಟ್ಟಿಲು ಹತ್ತಕ್ಕೆ ಆಗುತ್ತಾ?’ ಅಂತ. ಮನೆ ನೆಲಮಹಡಿಯಲ್ಲೇ ಇತ್ತು, ಅವರು ಮೇಲೆ. ಕೇಳಿದ್ದು ಬಟ್ಟೆ ಒಣಗಿಸುವ ತಾರಸಿಯ ಬಗ್ಗೆ.

ಒಪ್ಪುವ ಮೊದಲು ಎರಡು ವಿಷಯ ಕಣ್ಣಾರೆ ನೋಡಿದೆ. ಜಲಮಂಡಳಿಯ ಬಿಲ್ ತೋರಿಸಿ ಎಂದು ಕೇಳಿದೆ. ಕಾವೇರಿ ಕನೆಕ್ಷನ್ ಇದೆ ಅಂತ ಬಾಯಲ್ಲಿ ಎಲ್ಲರೂ ಹೇಳುತ್ತಾರೆ, ಬಿಲ್ ಇದ್ದರೆ ಮಾತ್ರ ನಂಬಬೇಕು. ಕಾವೇರಿ ನೀರು ಮತ್ತು ಬೋರ್ ನೀರು ಒಂದೇ ಸಂಪಿಗೆ ಬೀಳುತ್ತದೋ, ಬೇರೆ ಬೇರೆಯೋ ಅಂತಲೂ ನೋಡಿದೆ. ಇಲ್ಲಿ ಅಡುಗೆಮನೆಗೆ ಬೇರೆ ನಲ್ಲಿ ಇತ್ತು. ಇನ್ನೊಂದು ಕರೆಂಟ್ ಮೀಟರ್. ನಮ್ಮ ಮನೆಗೆ ಪ್ರತ್ಯೇಕ ಆರ್‌ಆರ್ ನಂಬರ್, ಅಂದರೆ ಕರೆಂಟ್ ಕನೆಕ್ಷನ್ನಿನ ನಂಬರ್, ಇದೆಯೋ, ಸಬ್ ಮೀಟರ್ ಹಾಕಿ ಓನರ್ ಲೆಕ್ಕ ಹಾಕುತ್ತಾರೋ? ಅದೇ ವರ್ಷ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಂದಾಗ ಇದು ಉಪಯೋಗಕ್ಕೆ ಬಂತು. ಬಾಡಿಗೆದಾರರೂ ಅರ್ಜಿ ಹಾಕಬಹುದಿತ್ತು, ನಮ್ಮದೇ ಮೀಟರ್ ಇದ್ದದ್ದರಿಂದ ತೊಂದರೆಯಾಗಲಿಲ್ಲ.

ದುಡ್ಡಿನ ಮಾತು. ಬಾಡಿಗೆ 18,500, ಅಡ್ವಾನ್ಸ್ ಒಂದೂವರೆ ಲಕ್ಷ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ಬೇಡ ಅಂತಿದೆ, ಆದರೆ ನಾವು ನೋಡಿದ ಯಾವ ಮನೆಯಲ್ಲೂ ಆ ಲೆಕ್ಕ ನಡೆಯಲಿಲ್ಲ. ಬಿಡುವಾಗ ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡಿಯುತ್ತಾರೆ, ಅದನ್ನು ಅಗ್ರಿಮೆಂಟಿನಲ್ಲೇ ಬರೆಸಿಕೊಂಡೆ. ಹಳೇ ಮನೆಗಿಂತ ತಿಂಗಳಿಗೆ 6,500 ಜಾಸ್ತಿ. ಅದರಲ್ಲಿ ಸ್ವಲ್ಪ ಭಾಗ ವಾಪಸ್ ಬಂತು. ಕ್ಯಾನ್ ನೀರು ನಿಂತಿತು. ಮಗನ ಶಾಲೆಗೆ ಎಂಟು ನಿಮಿಷದ ನಡಿಗೆ, ಮೇನ್ ರೋಡ್ ದಾಟಬೇಕಾಗಿಲ್ಲ, ಹಾಗಾಗಿ ವ್ಯಾನ್ ಖರ್ಚೂ ಇಲ್ಲ. ಉಳಿದದ್ದನ್ನು ಕೈಯಿಂದಲೇ ಕೊಟ್ಟೆವು. ಅದನ್ನು ದುಬಾರಿ ಅಂತ ನಾನು ಎಣಿಸಲಿಲ್ಲ. ಸಂಜೆ ನಾಲ್ಕಕ್ಕೆ ಅತ್ತೆ, ಓನರಮ್ಮ ಮತ್ತು ಎದುರು ಮನೆಯ ಅಜ್ಜಿ ಗೇಟಿನ ಹತ್ತಿರ ಕುರ್ಚಿ ಹಾಕಿ ಕೂರುತ್ತಾರೆ. ಎರಡನೇ ಶಿಫ್ಟಿನಲ್ಲಿ ಮಗ ಶಾಲೆಯಿಂದ ಬಂದನಾ ಅಂತ ನಾನು ಫೋನ್ ಮಾಡುವ ಮೊದಲೇ ಮೂವರೂ ನೋಡಿರುತ್ತಾರೆ.

2024ರ ಬೇಸಿಗೆ ಬಂತು. ಊರೆಲ್ಲ ನೀರಿಗೆ ಒದ್ದಾಡಿತು. ಮಾರ್ಚ್‌ನಲ್ಲಿ ಟ್ಯಾಂಕರಿಗೆ ಸರ್ಕಾರವೇ ದರ ಕಟ್ಟಿತು, 5 ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ. ನಮ್ಮ ಹಳೇ ಬೀದಿಯಲ್ಲಿ ಬೋರ್ ಬತ್ತಿ, ಬಾಡಿಗೆದಾರರೇ ಚಂದಾ ಹಾಕಿ ಟ್ಯಾಂಕರ್ ತರಿಸುತ್ತಿದ್ದಾರೆ ಅಂತ ಲ್ಯಾಬ್‌ನ ಹುಡುಗಿ ಹೇಳಿದಳು. ನಮ್ಮಲ್ಲಿ ನೀರು ಬರುವ ಹೊತ್ತು ಕಡಿಮೆಯಾಯಿತು, ನಿಲ್ಲಲಿಲ್ಲ. ಓನರಮ್ಮ ಬೆಳಿಗ್ಗೆ ನಾಲ್ಕೂವರೆಗೆ ಕೂಗಿ ಎಬ್ಬಿಸುತ್ತಿದ್ದರು, ಇದ್ದ ಬಿಂದಿಗೆಯೆಲ್ಲ ತುಂಬಿಸಿಕೊಳ್ಳುತ್ತಿದ್ದೆವು.

ಈ ಮನೆಯಲ್ಲೂ ಕೊರತೆ ಇದೆ. ಅಡುಗೆಮನೆಯಲ್ಲಿ ಹಗಲಲ್ಲೂ ಲೈಟ್ ಹಾಕಬೇಕು. ಬಚ್ಚಲು ಒಂದೇ. ನಮ್ಮ ಮನೆಯವರು ಬೈಕಿನಲ್ಲಿ ಬಂದರೆ ನಿಲ್ಲಿಸಲು ಜಾಗವಿಲ್ಲ. ಈಗ ಅವರು ಬರುವುದು ಬಸ್ಸು, ಇಲ್ಲದಿದ್ದರೆ ರೈಲು.

2024ರ ನವೆಂಬರ್‌ನಲ್ಲಿ ಮೆಟ್ರೊ ನಾಗಸಂದ್ರದಿಂದ ಮಾದಾವರದವರೆಗೆ ಹೋಯಿತು. ಮರುವರ್ಷ ನನಗೆ ಮಾಕಳಿ ಕಡೆಯ ಹೊಸ ಘಟಕಕ್ಕೆ ಹಾಕಿದರು. ಮೊದಲು ಐದು ನಿಲ್ದಾಣ ಇದ್ದದ್ದು ಈಗ ಹನ್ನೊಂದು, ಇಳಿದ ಮೇಲೆ ಕಂಪನಿ ವ್ಯಾನ್. ಜೊತೆಯಲ್ಲಿ ಬಂದವರು ಕೆಲವರು ಆ ಕಡೆಗೇ ಮನೆ ಮಾಡಿದರು. ಬಾಡಿಗೆ ಕಡಿಮೆ, ಮನೆ ದೊಡ್ಡದು. ನಾನು ವಿಚಾರಿಸಲೂ ಇಲ್ಲ. 2025ರ ಫೆಬ್ರವರಿಯಲ್ಲಿ ಮೆಟ್ರೊ ದರ ಏರಿದ್ದರಿಂದ ಓಡಾಟದ ಖರ್ಚು ಜಾಸ್ತಿಯಾಗಿದೆ. ಅದನ್ನು ತಿಂಗಳ ಲೆಕ್ಕದಲ್ಲಿ ಬಾಡಿಗೆಯ ಸಾಲಿನಲ್ಲೇ ಸೇರಿಸಿ ಬರೆಯುತ್ತಿದ್ದೇನೆ.