ಪ್ರಶಿಕ್ಷಣಾರ್ಥಿಯ ಜೊತೆ ನಿಂತು ಭಾಷೆ ಕಲಿಸುವಾಗ

ಮೊದಲ ಸಲ ನನ್ನ ತರಗತಿಗೆ ಬಂದ ಪ್ರಶಿಕ್ಷಣಾರ್ಥಿಯ (ಶಿಕ್ಷಕ ತರಬೇತಿಯಲ್ಲಿರುವವರ) ವಿಷಯದಲ್ಲಿ ನಾನೊಂದು ತಪ್ಪು ಮಾಡಿದೆ. ಕನ್ನಡ ಹೊಸದಾಗಿ ಕಲಿಯುವ ಮಕ್ಕಳಿಗೆ ಆಕೆ ವಿಭಕ್ತಿ ಹೇಳಿಕೊಡುತ್ತಿದ್ದರು. ಗಡಿಬಿಡಿಯಲ್ಲಿ ಚತುರ್ಥಿಗೆ ಉದಾಹರಣೆಯಾಗಿ ‘ಮನೆಯಿಂದ’ ಅಂತ ಬರೆದರು. ನಾನು ಹಿಂದಿನ ಬೆಂಚಿನಿಂದಲೇ ‘ಮನೆಗೆ’ ಅಂತ ತಿದ್ದಿದೆ. ಆಮೇಲೆ ಪಿರಿಯಡ್ ಮುಗಿಯುವವರೆಗೂ ಮಕ್ಕಳು ಉತ್ತರ ಹೇಳಿ ನನ್ನ ಮುಖ ನೋಡುತ್ತಿದ್ದರು, ಆಕೆಯದ್ದಲ್ಲ.

ಈಗ ಮೊದಲೇ ಒಂದು ಮಾತಾಡಿಕೊಳ್ಳುತ್ತೇವೆ. ತಪ್ಪು ಕಂಡರೆ ನಾನು ಕೈ ಎತ್ತಿ ‘ನನಗೊಂದು ಅನುಮಾನ’ ಅನ್ನುತ್ತೇನೆ. ಅವರು ಬೋರ್ಡ್ ನೋಡಿ ತಾವೇ ತಿದ್ದಿಕೊಳ್ಳುತ್ತಾರೆ.

ನಿಮ್ಮ ತರಗತಿಗೂ ಪ್ರಶಿಕ್ಷಣಾರ್ಥಿ ಬಂದರೆ ಪಾಠಯೋಜನೆಯಲ್ಲಿ ಎರಡು ಕಾಲಂ ಹಾಕಿ. ಪ್ರತಿ ಹಂತದಲ್ಲೂ ನಾನೇನು ಮಾಡುತ್ತೇನೆ, ಅವರೇನು ಮಾಡುತ್ತಾರೆ ಅಂತ ಬರೆಯಿರಿ. ಯಾವ ಕಾಲಮ್ಮೂ ಖಾಲಿ ಇರಬಾರದು. ‘ಅರ್ಧ ನೀವು, ಅರ್ಧ ನಾನು’ ಅಂದರೆ ಒಬ್ಬರು ಸುಮ್ನೆ ಕೈಕಟ್ಟಿ ನಿಲ್ಲುತ್ತಾರೆ, ಅಷ್ಟೇ.

ಮೊದಲ ವಾರ ನೀವು ಪಾಠ ಮಾಡಿ, ಅವರು ನೋಡಲಿ. ಆದರೆ ‘ಎಲ್ಲ ಗಮನಿಸಿ’ ಅನ್ನಬೇಡಿ. ಒಂದೇ ಕೆಲಸ ಕೊಡಿ. ನಾನು ಪ್ರಶ್ನೆ ಕೇಳಿದ ಮೇಲೆ ಎಷ್ಟು ಸೆಕೆಂಡ್ ಕಾಯುತ್ತೇನೆ ಅಂತ ಎಣಿಸಲು ಹೇಳುತ್ತೇನೆ. ಶಿಕ್ಷಕರು ಸಾಮಾನ್ಯವಾಗಿ 1 ಸೆಕೆಂಡ್ ಕಾಯುವುದೇ ಜಾಸ್ತಿ, 3 ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ದರು. ಇದು ಗೊತ್ತಿದ್ದೂ ನಾನು ಹೆಚ್ಚು ಕಡಿಮೆ ಒಂದೇ ಸೆಕೆಂಡ್ ಕಾಯುತ್ತಿದ್ದೆ! ನನ್ನ ತಪ್ಪನ್ನು ಅವರೇ ಹಿಡಿದ ಮೇಲೆ, ಅವರ ತಪ್ಪಿನ ಬಗ್ಗೆ ಮಾತಾಡುವುದು ಸಲೀಸಾಯಿತು.

ಎರಡನೇ ವಾರ ಗುಂಪುಗಳು. ಮಕ್ಕಳನ್ನು ಮೂರು ಗುಂಪು ಮಾಡಿ. ಒಂದಕ್ಕೆ ನೀವು ಓದಿಸಿ, ಒಂದು ತಾನೇ ಬರೆಯಲಿ, ಒಂದರಲ್ಲಿ ಪ್ರಶಿಕ್ಷಣಾರ್ಥಿ ಮಾತಾಡಿಸಲಿ. ಗುಂಪುಗಳು ಸುತ್ತು ಬರುವುದರಿಂದ ಅವರಿಗೆ ಅದೇ ಚಟುವಟಿಕೆ ಒಂದೇ ಪಿರಿಯಡ್‌ನಲ್ಲಿ ಮೂರು ಸಲ ಸಿಗುತ್ತದೆ. ಮೊದಲ ಸುತ್ತಿನಲ್ಲಿ ಎಡವಿದ್ದು ಮೂರನೆಯದರಲ್ಲಿ ಸರಿಹೋಗುತ್ತದೆ. ತರಗತಿಯನ್ನು ಎರಡು ಭಾಗ ಮಾಡಿ ಇಬ್ಬರೂ ಒಟ್ಟಿಗೆ ಕಲಿಸುವ ಬಗೆಯೂ ಇದೆ. ಒಂದೇ ಕೋಣೆಯಾದರೆ ಆಲಿಸುವ ಪಾಠಕ್ಕೆ ಅದು ಬೇಡ, ಗದ್ದಲದಲ್ಲಿ ಯಾರಿಗೂ ಏನೂ ಕೇಳಿಸುವುದಿಲ್ಲ.

ಭಾಷೆಯ ತರಗತಿಗೆ ಇಬ್ಬರಿದ್ದರೆ ದೊಡ್ಡ ಲಾಭ ಸಂಭಾಷಣೆಯಲ್ಲಿ. ಒಬ್ಬರೇ ಇದ್ದಾಗ ಎರಡೂ ಪಾತ್ರ ನಾವೇ ಆಡಬೇಕು, ನಾಟಕದ ಹಾಗಿರುತ್ತದೆ. ಇಬ್ಬರಿದ್ದರೆ ನಿಜವಾಗಿ ಮಾತಾಡಬಹುದು. ಬೇಕೆಂದೇ ಅರ್ಥವಾಗದ ಹಾಗೆ ಮಾತಾಡಿ. ‘ಏನಂದ್ರಿ? ಇನ್ನೊಂದ್ಸಲ ಹೇಳಿ’ ಅಂತ ಕೇಳುವುದನ್ನು ಮಕ್ಕಳು ಕಲಿಯಬೇಕಲ್ವಾ?

ಮಕ್ಕಳನ್ನು ತಿದ್ದುವ ರೀತಿಯನ್ನೂ ಮೊದಲೇ ಮಾತಾಡಿಕೊಳ್ಳಿ. ಮಗು ‘ನಾನು ಶಾಲೆಯಲ್ಲಿ ಬಂದೆ’ ಅನ್ನುತ್ತದೆ. ಪ್ರಶಿಕ್ಷಣಾರ್ಥಿ ನಗುತ್ತಾ ‘ಓ, ಶಾಲೆಗೆ ಬಂದೆಯಾ?’ ಅನ್ನುತ್ತಾರೆ. ಮಗು ‘ಹೂಂ’ ಅಂದು ಮುಂದೆ ಹೋಗುತ್ತದೆ. ತಿದ್ದಿದ್ದು ಅದಕ್ಕೆ ಗೊತ್ತೇ ಆಗಲಿಲ್ಲ. ಭಾಷಾ ಕಲಿಕೆಯ ಸಂಶೋಧಕರಾದ ಲಿಸ್ಟರ್ ಮತ್ತು ರಾಂಟಾ 1997ರಲ್ಲಿ ಕಂಡದ್ದೂ ಇದನ್ನೇ: ಶಿಕ್ಷಕರು ಅತಿ ಹೆಚ್ಚು ಬಳಸಿದ್ದು ಈ ಬಗೆ, ಮಕ್ಕಳು ಅತಿ ಕಡಿಮೆ ಸ್ಪಂದಿಸಿದ್ದೂ ಇದಕ್ಕೇ. ‘ಶಾಲೆಯಲ್ಲಿ ಬಂದೆಯಾ, ಶಾಲೆಗೆ ಬಂದೆಯಾ?’ ಅಂತ ಕೇಳಿ ಕಾಯಿರಿ. ಆ 3 ಸೆಕೆಂಡ್ ಇಲ್ಲೂ ಬೇಕು.

ಪಾಠವಾದ ಮೇಲೆ ಅದೇ ದಿನ ಹತ್ತು ನಿಮಿಷ ಕೂತು ಮಾತಾಡಿ. ಮೊದಲು ಅವರು ಹೇಳಲಿ. ನೀವು ಹೇಳುವುದು ಒಂದೇ ವಿಷಯವಿರಲಿ. ಅಂಕ ಕೊಡುವ ಪುಸ್ತಕವನ್ನು ಮಾತ್ರ ಆಗ ಮೇಜಿನ ಮೇಲೆ ಇಡಬೇಡಿ.

ಕೊನೆಯ ವಾರ ಎರಡು ಪಿರಿಯಡ್ ನಾನು ಅವರ ಸಹಾಯಕ. ಹಾಳೆ ಹಂಚುತ್ತೇನೆ, ಬೋರ್ಡ್ ಒರೆಸುತ್ತೇನೆ, ಅನುಮಾನ ಬಂದರೆ ಕೈ ಎತ್ತುತ್ತೇನೆ.