ಇಂಡ್ಯೂಸರ್ ವಿನ್ಯಾಸ: ಆವಿಗುಳ್ಳೆಯ ಉದ್ದವನ್ನು ಹತೋಟಿಯಲ್ಲಿಟ್ಟ ನನ್ನ ಅನುಭವ

ರಾಕೆಟ್ ಎಂಜಿನ್ನಿಗೆ ದ್ರವವನ್ನು ತಳ್ಳುವ ಟರ್ಬೊಪಂಪಿನಲ್ಲಿ ಇಂಪೆಲ್ಲರಿಗಿಂತ (ಒತ್ತಡ ಏರಿಸುವ ಮುಖ್ಯ ತಿರುಗುಚಕ್ರ) ಮುಂಚೆ ಇರುವ, ಬ್ಲೇಡುಗಳುಳ್ಳ ಇಂಡ್ಯೂಸರ್, ಟ್ಯಾಂಕಿನಿಂದ ಕಡಿಮೆ ಒತ್ತಡದಲ್ಲಿ ಬರುವ ದ್ರವವನ್ನು ಇಂಪೆಲ್ಲರ್ ತಾಳಬಲ್ಲ ಒತ್ತಡಕ್ಕೆ ಏರಿಸುತ್ತದೆ. ಹಾಗೆ ಮಾಡುವಾಗ ತನ್ನ ಬ್ಲೇಡುಗಳ ಮೇಲೆ ಆವಿಗುಳ್ಳೆಗಳು ಏಳುವುದನ್ನು ಅದು ಸಹಿಸಲೇಬೇಕು. ಹೆಡ್ (ಪಂಪು ದ್ರವಕ್ಕೆ ಕೊಡುವ ಒತ್ತಡದ ಏರಿಕೆ) ಎಲ್ಲಿ ಕುಸಿಯುತ್ತದೆ ಎಂಬುದೊಂದನ್ನೇ ನೋಡಿ ವಿನ್ಯಾಸವನ್ನು ಒಪ್ಪಬಾರದೆಂದು ನಾನು ದೃಢವಾಗಿ ನಂಬುತ್ತೇನೆ, ಏಕೆಂದರೆ ಹೆಡ್ ಇಳಿಯುವ ಮೊದಲೇ ಗುಳ್ಳೆಗಳು ಅಸ್ಥಿರವಾಗಬಲ್ಲವು. 1999ರ ನವೆಂಬರ್ 15ರಂದು ಜಪಾನಿನ ಎಚ್-2 ರಾಕೆಟ್ಟಿನ ಉಡಾವಣೆ ವಿಫಲವಾದ ಮೇಲೆ, ಸುಮಾರು 3,000 ಮೀಟರ್ ಆಳದ ಸಮುದ್ರತಳದಿಂದ ಎತ್ತಿದ ಅದರ ಎಲ್‌ಇ-7 ಎಂಜಿನ್ನಿನಲ್ಲಿ ಹೈಡ್ರೋಜನ್ ಪಂಪಿನ ಇಂಡ್ಯೂಸರ್ ಬ್ಲೇಡು ಲೋಹದ ದಣಿವಿನಿಂದ ಮುರಿದಿತ್ತು. ತಿರುಗುವ ಕ್ಯಾವಿಟೇಶನ್ನಿನ (ಬ್ಲೇಡುಗಳ ಮೇಲಿನ ಆವಿಗುಳ್ಳೆಗಳ ಅಸಮತೆ ಬ್ಲೇಡಿನಿಂದ ಬ್ಲೇಡಿಗೆ ಸುತ್ತುವುದು) ಕಂಪನವೂ ಅದರ ಕಾರಣಗಳಲ್ಲಿ ಒಂದೆಂದು ತನಿಖೆ ಗುರುತಿಸಿತು.

ನಾನು ವಿನ್ಯಾಸಗೊಳಿಸಿದ ಮೂರು ಬ್ಲೇಡಿನ ಇಂಡ್ಯೂಸರನ್ನು ನೀರಿನಲ್ಲಿ ಪರೀಕ್ಷಿಸುತ್ತ ಒಳಹರಿವಿನ ಒತ್ತಡವನ್ನು ಇಳಿಸಿದಾಗ, ಹೆಡ್ ಸ್ಥಿರವಾಗಿರುವಂತೆಯೇ ಶಾಫ್ಟಿನ ಆವರ್ತನದ ಸುಮಾರು 1.1 ಪಟ್ಟಿನಲ್ಲಿ ಒತ್ತಡದ ಏರಿಳಿತ ಕಾಣಿಸಿತು. ಕೇಸಿಂಗಿನ ಸುತ್ತ ಬೇರೆಬೇರೆ ಕೋನಗಳಲ್ಲಿ ಕೂರಿಸಿದ ಸೆನ್ಸರುಗಳು ಒಟ್ಟಿಗೇ ಏರಿಳಿದಿದ್ದರೆ ಅದು ಇಡೀ ಕೊಳವೆಯ ಹರಿವೇ ಒಟ್ಟಾಗಿ ಏರಿಳಿಯುವ ಸರ್ಜ್ ಆಗುತ್ತಿತ್ತು. ಇಲ್ಲಿ ಕೋನಕ್ಕೆ ತಕ್ಕ ಫೇಸ್ ವ್ಯತ್ಯಾಸ (ಏರಿಳಿತದ ಹೊತ್ತಿನಲ್ಲಿ ಹಿಂದುಮುಂದು) ಇದ್ದುದರಿಂದ, ಗುಳ್ಳೆಗಳ ಅಸಮತೆಯೇ ಶಾಫ್ಟಿಗಿಂತ ವೇಗವಾಗಿ ಸುತ್ತುತ್ತಿದೆಯೆಂಬುದು ಖಚಿತವಾಯಿತು.

ಬ್ಲೇಡಿನ ಗುಳ್ಳೆಯ ಉದ್ದ ಬ್ಲೇಡುಗಳ ನಡುವಿನ ಅಂತರದ ಸುಮಾರು 65 ಪ್ರತಿಶತವನ್ನು ಮೀರಿದರೆ, ಅದರ ಬಾಲದ ಬಳಿಯ ಹರಿವು ಮುಂದಿನ ಬ್ಲೇಡಿನ ಅಂಚಿಗೆ ದ್ರವ ತಾಗುವ ಕೋನವನ್ನೇ ಬದಲಿಸುತ್ತದೆ, ಅಲ್ಲಿಂದ ಅಸ್ಥಿರತೆ ಹುಟ್ಟುತ್ತದೆ. ಆದುದರಿಂದ ನಾನು ಮೊದಲು ಆ ತಾಗುಕೋನಕ್ಕೇ ಕೈಹಾಕಿದೆ. ಹರಿವಿನ ಗುಣಾಂಕ (ಒಳಬರುವ ದ್ರವದ ವೇಗಕ್ಕೂ ಬ್ಲೇಡಿನ ತುದಿಯ ವೇಗಕ್ಕೂ ಇರುವ ಅನುಪಾತ) 0.08 ಇರುವಾಗ ಬ್ಲೇಡಿನ ತುದಿಯಲ್ಲಿ ಹರಿವಿನ ಕೋನ ಸುಮಾರು 4.6 ಡಿಗ್ರಿ, ಬ್ಲೇಡಿನ ಕೋನವನ್ನು 9ರಿಂದ 7.5 ಡಿಗ್ರಿಗೆ ಇಳಿಸಿದಾಗ ತಾಗುಕೋನ 4.4ರಿಂದ 2.9ಕ್ಕೆ ಬಂದು ಗುಳ್ಳೆ ಗಿಡ್ಡವಾಯಿತು. ಇದಕ್ಕಿಂತ ಇಳಿಸಲು ನಾನು ಒಪ್ಪಲಿಲ್ಲ, ಏಕೆಂದರೆ ಬ್ಲೇಡಿನ ದಪ್ಪ ಗುಳ್ಳೆಯೊಳಗೇ ಅಡಗಬೇಕು, ಬ್ಲೇಡುಗಳ ನಡುವಿನ ಹರಿವಿನ ದಾರಿಯೂ ಕಿರಿದಾಗಬಾರದು. ಬ್ಲೇಡಿನ ಮುಂದಿನ ಅಂಚನ್ನು ಹಿಂದಕ್ಕೆ ಬಾಗಿಸಿದ್ದು ಬ್ಲೇಡಿನ ಬಲಕ್ಕೂ ಒಳ್ಳೆಯದಾಯಿತು.

ಉಳಿದ ಏರಿಳಿತವನ್ನು ಕೇಸಿಂಗಿನಿಂದ ಅಡಗಿಸಿದೆ. ಇಂಡ್ಯೂಸರಿಗೆ ಮುಂಚಿನ ಭಾಗದ ವ್ಯಾಸವನ್ನು ತುಸು ಹಿಗ್ಗಿಸುವ ಈ ಉಪಾಯವನ್ನು ಎಲ್‌ಇ-7ರ ಆಮ್ಲಜನಕ ಪಂಪಿನ ಅಭಿವೃದ್ಧಿಯಲ್ಲೇ ಜಪಾನಿನವರು ಯಶಸ್ವಿಯಾಗಿ ಬಳಸಿದ್ದರು. ವಿನ್ಯಾಸದ ಹರಿವಿನಲ್ಲಿ ಈಗ ತಿರುಗುವ ಕ್ಯಾವಿಟೇಶನ್ ಕಾಣುವುದಿಲ್ಲ. ಹರಿವು ತೀರ ಕಡಿಮೆಯಾದಾಗ ಹಿಮ್ಮುಖ ಸುಳಿಗಳೊಡನೆ ಸರ್ಜ್ ಬರುವುದರಿಂದ, ಆ ವಲಯದಲ್ಲಿ ಪಂಪನ್ನು ಓಡಿಸಬಾರದೆಂದು ಮಿತಿ ಹಾಕಿದ್ದೇನೆ.